ಪಿಒಪಿ ಕಟ್ಟಡ ಕೊನೆಗೂ ಕಟ್ಟಡದಂತೆ ಬಿತ್ತು

ಪಿಒಪಿಯಲ್ಲಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಮಾಡಿದ ನಾಲ್ಕನೇ ಪುಟಾಣಿ ಕಟ್ಟಡ ಬಿದ್ದ ರಾತ್ರಿ ಆ ವಿಡಿಯೊ ತುಣುಕನ್ನು ಮೂವತ್ತು ಸಲವಾದರೂ ನೋಡಿರಬೇಕು. ಟೋಕಿಯೊದಲ್ಲಿ ಕೂತು ರಜಾದಿನಗಳಲ್ಲಿ ಕಾಯಿಜೂ (ಊರು ಕೆಡವುವ ದೈತ್ಯ ಪ್ರಾಣಿಯ) ಕಿರುಚಿತ್ರ ಮಾಡ್ತೀನಿ ಅಂದಾಗ, ಗ್ರಾಫಿಕ್ಸ್ ಕೆಲಸದ ಗೆಳೆಯರೆಲ್ಲ "ಕಂಪ್ಯೂಟರಿಗೆ ಎರಡು ದಿನದ ಕೆಲಸ, ಯಾಕೆ ದುಡ್ಡು ಸುರೀತೀಯ" ಅಂದಿದ್ದರು. ದುಡ್ಡು ಹೋದದ್ದು ನಿಜ. ಆದರೆ ಕಟ್ಟಡ ಬೀಳಬೇಕಾದ ಹಾಗೇ ಬಿತ್ತು.

1/25 ಅಳತೆ. ಪುಟ್ಟ ಕಟ್ಟಡ ಬೇಗ ಬಿದ್ದುಬಿಡುತ್ತದೆ, ಹಾಗಾಗಿ ಸೆಕೆಂಡಿಗೆ 120 ಫ್ರೇಮ್ ಹಿಡಿದು 24ರಲ್ಲಿ ನಿಧಾನವಾಗಿ ತೋರಿಸಬೇಕು. ಮೊದಲ ಕಟ್ಟಡಕ್ಕೆ ಪಿಒಪಿ ಗೋಡೆ 8 ಮಿ.ಮೀ. ದಪ್ಪ ಎರೆದಿದ್ದೆ. ದೈತ್ಯನ ಸೂಟು ತೊಟ್ಟ ಹುಡುಗನ ಕಾಲು ತಾಗಿದ್ದೇ ತಡ, ರಟ್ಟಿನ ಪೆಟ್ಟಿಗೆಯಂತೆ ಇಡಿಯಾಗಿ ಮಗುಚಿಕೊಂಡಿತು. ಎರಡನೆಯದು 3 ಮಿ.ಮೀ.; ಅಚ್ಚಿನಿಂದ ಬಿಡಿಸುವಾಗಲೇ ಬಿರುಕು. ಮೂರನೆಯದಕ್ಕೆ ಹಿಂಬದಿಯಲ್ಲಿ ಗೀರು ಹಾಕಿದೆ. ಒಡೆಯಿತು, ಆದರೆ ಗೀರಿನ ಗುಂಟವೇ, ಸ್ಕೇಲ್ ಇಟ್ಟು ಕೊಯ್ದಷ್ಟು ನೇರ. ಮೂರಕ್ಕೂ ಸೇರಿ ಸುಮಾರು 60 ಸಾವಿರ ಯೆನ್. ಶೆಡ್ಡಿನ ಬಾಡಿಗೆ ಬೇರೆ.

ನಾಲ್ಕನೆಯದು 5 ಮಿ.ಮೀ. ಗೀರುಗಳನ್ನು ಅಡ್ಡಾದಿಡ್ಡಿ ಎಳೆದೆ, ಕೆಳಗಿನ ಎರಡು ಮಹಡಿಗೆ ಆಳವಾಗಿ, ಮೇಲೆ ಹೋದಂತೆ ಹಗುರಾಗಿ. ಒಳಗೆ ರಟ್ಟಿನ ನೆಲ, ಪುಟ್ಟ ಮೇಜು ಕುರ್ಚಿ, ಕಾಗದದ ಚೂರು. ಪ್ರತಿ ಮಹಡಿಯಲ್ಲೂ ಧೂಳಿನ ಪೊಟ್ಟಣ. ಆ ಧೂಳಿಗೆ ಏನೇನು ಬೆರೆಸಿದೆ ಅನ್ನೋದನ್ನು ಇಲ್ಲಿ ಹೇಳಲಾರೆ, ಅದನ್ನು ಹದಕ್ಕೆ ತರಲು ಐದು ತಿಂಗಳು ಹಿಡಿದಿದೆ. 120 ಫ್ರೇಮಿಗೆ ಲೈಟು ಸಾಲದೆ ಒದ್ದಾಡಿದ ಮೇಲೆ ಸೆಟ್ಟನ್ನೇ ಅಂಗಳಕ್ಕೆ ತಂದೆ. ಬಿಸಿಲು ಪುಕ್ಕಟೆ, ಹಿಂದೆ ನಿಜವಾದ ಆಕಾಶ. ಕ್ಯಾಮೆರಾ ನೆಲಕ್ಕೆ ತಾಗಿಸಿಟ್ಟೆ. ಒಂದೂವರೆ ಸೆಕೆಂಡಿನಲ್ಲಿ ಎಲ್ಲ ಮುಗಿಯಿತು. ಪರದೆಯ ಮೇಲೆ ಅದೇ ಏಳೆಂಟು ಸೆಕೆಂಡು.

ಸೂಟು ಯುರೆಥೇನ್ ಸ್ಪಂಜಿನ ಮೇಲೆ ಲೇಟೆಕ್ಸ್, 20 ಕೆ.ಜಿ. ಆಸುಪಾಸು. 1954ರ ಮೊದಲ ಗೊಜಿರಾ (ಗಾಡ್ಜಿಲ್ಲಾ) ಸೂಟು 100 ಕೆ.ಜಿ. ಹತ್ತಿರ ಇತ್ತು, ಅದನ್ನು ಹೊತ್ತ ಹರುವೊ ನಕಾಜಿಮಾ ಅವರಿಗೆ ಅಡ್ಡಬೀಳಬೇಕು. ನಮ್ಮ ಹುಡುಗ ದೈತ್ಯ ಅಂದರೆ ನಿಧಾನ ಅಂದುಕೊಂಡು ಮೆಲ್ಲಗೆ ಹೆಜ್ಜೆ ಇಟ್ಟ. ಪರದೆಯಲ್ಲಿ ಪ್ರಾಣಿ ನಿಂತೇ ಹೋದಂತಿತ್ತು. ಬಿರುಸಾಗಿ ನಡೆಸಿದೆ, ಆಗ ತೂಕ ಬಂತು.

ನಡುವೆ ಚೀನಾ ಹುಲ್ಲಿನ (ಅಗರ್) ಸಮುದ್ರವನ್ನೂ ಎರೆದೆ. ಗೊಜಿರಾದ ಸ್ಪೆಷಲ್ ಎಫೆಕ್ಟ್ಸ್ ಮಾಡಿದ ಎಯ್ಜಿ ತ್ಸುಬುರಾಯಾ ತಮ್ಮ ಕೆಲವು ಸಮುದ್ರಗಳಿಗೆ ಬಳಸಿದ್ದು ಇದನ್ನೇ. ಜುಲೈ ಸೆಕೆಗೆ ಎರಡೇ ದಿನದಲ್ಲಿ ಹಳಸಿ ನಾರಿತು, ಮೊದಲ ದಿನದ ಒಂದು ಶಾಟ್ ಮಾತ್ರ ದಕ್ಕಿತು.

ಈಗ ಮೇಣದ ವಿದ್ಯುತ್ ಗೋಪುರಕ್ಕೆ ಕೈ ಹಾಕಿದ್ದೇನೆ. 1954ರ ಗೊಜಿರಾದಲ್ಲಿ ಕರಗಿದ ಗೋಪುರಗಳೂ ಮೇಣದವೇ. ನನ್ನ ಮೊದಲನೆಯದು ಕ್ಯಾಮೆರಾ ಇಡುವ ಮೊದಲೇ ಅಂಗಳದ ಬಿಸಿಲಿಗೆ ಬಾಗಿತು. ಎರಡನೆಯದನ್ನು ಬೆಳಗಿನ ಆರಕ್ಕೆ ನಿಲ್ಲಿಸುತ್ತೇನೆ.