ಒಂದು ಟ್ರಾನ್ಸ್‌ಫಾರ್ಮರ್ ನಿರ್ವಹಣೆಗೆ ನಿಂತಾಗ ಇನ್ನೊಂದರ ಮೇಲೆ ಎಷ್ಟು ಲೋಡ್?

20 ಎಂವಿಎ (ಮೆಗಾವೋಲ್ಟ್-ಆಂಪಿಯರ್) ಸಾಮರ್ಥ್ಯದ ಎರಡು ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಒಂದನ್ನು ನಿರ್ವಹಣೆಗೆ ತೆಗೆದರೆ 24 ಎಂವಿಎ ಲೋಡ್ ಪೂರ್ತಿ ಇನ್ನೊಂದರ ಮೇಲೆ ಬೀಳುತ್ತದೆ. ಅಂಥ ಹೊತ್ತಿನಲ್ಲಿ ನಾನು ಮೊದಲು ಕೈಗೆತ್ತಿಕೊಳ್ಳುವುದು ಕಾರ್ಖಾನೆಯ ಟೆಸ್ಟ್ ರಿಪೋರ್ಟ್. ಪೂರ್ಣ ಲೋಡ್‌ನಲ್ಲಿ ಮೇಲ್ಭಾಗದ ಆಯಿಲ್ ಹೊರಗಿನ ಗಾಳಿಗಿಂತ 50 ಡಿಗ್ರಿ, ಹಾಟ್‌ಸ್ಪಾಟ್ (ವೈಂಡಿಂಗ್, ಅಂದರೆ ತಂತಿ ಸುರುಳಿಯ ಅತಿ ಬಿಸಿ ಜಾಗ) ಆಯಿಲ್‌ಗಿಂತ 23 ಡಿಗ್ರಿ ಹೆಚ್ಚು, ಲೋಡ್ ನಷ್ಟ (ಲೋಡ್ ಕರೆಂಟ್‌ನಿಂದ ಬಿಸಿಯಾಗಿ ಹೋಗುವ ಶಕ್ತಿ) ನೋ-ಲೋಡ್ ನಷ್ಟದ (ಲೋಡ್ ಇಲ್ಲದಿದ್ದರೂ ಹೋಗುವ ಶಕ್ತಿ) 6 ಪಟ್ಟು ಎಂದುಕೊಳ್ಳಿ. ಟ್ರಾನ್ಸ್‌ಫಾರ್ಮರ್ ಲೋಡಿಂಗ್‌ನ ಅಂತರರಾಷ್ಟ್ರೀಯ ಮಾರ್ಗದರ್ಶಿ ಐಇಸಿ 60076-7ರ ಸೂತ್ರಕ್ಕೆ ಹಾಕಿದರೆ, 120% ಲೋಡ್‌ನಲ್ಲಿ ಇವು ಸುಮಾರು 65 ಮತ್ತು 29 ಆಗುತ್ತವೆ. ಹೊರಗೆ 35 ಡಿಗ್ರಿ ಇದ್ದರೆ ಹಾಟ್‌ಸ್ಪಾಟ್ 129, 22 ಇದ್ದರೆ 116. ಸಾಮಾನ್ಯ ಚಕ್ರೀಯ ಲೋಡಿಂಗ್‌ಗೆ (ದಿನದಲ್ಲಿ ಏರಿಳಿಯುವ ಲೋಡ್‌ಗೆ) ಅದೇ ಮಾರ್ಗದರ್ಶಿ ಕೊಡುವ ಮಿತಿ 120. ಹಾಗಾಗಿ ಕೆಲಸ ರಾತ್ರಿ, ಇಲ್ಲವೇ ಹಗಲಲ್ಲಿ 22 ಎಂವಿಎಗೆ ಇಳಿಸಿ. ಸಾಧಾರಣ ಕಾಗದದ ನಿರೋಧಕಕ್ಕೆ 98 ಡಿಗ್ರಿಯಿಂದಾಚೆ ಪ್ರತಿ 6 ಡಿಗ್ರಿಗೆ ಸವೆತ ಇಮ್ಮಡಿ; 116ರಲ್ಲಿ ಒಂದು ಗಂಟೆ ಓಡಿದರೆ 8 ಗಂಟೆಯ ಆಯುಷ್ಯ ಹೋಗುತ್ತದೆ. ಕಾಗದದಲ್ಲಿ 2% ತೇವವಿದ್ದರೆ 140ರ ಆಸುಪಾಸಿನಲ್ಲಿ ಗುಳ್ಳೆ ಏಳುತ್ತದೆ. ತೇವ ಹಿಡಿದ ಹಳೆಯ ಟ್ರಾನ್ಸ್‌ಫಾರ್ಮರ್‌ಗೆ ನಾನು ಓವರ್‌ಲೋಡ್ ಒಪ್ಪುವುದೇ ಇಲ್ಲ.

ಎಷ್ಟೋ ಸಲ ವೈಂಡಿಂಗ್‌ಗಿಂತ ಮೊದಲು ಸೋಲುವುದು ಬುಶಿಂಗ್ (ಟ್ಯಾಂಕ್‌ನಿಂದ ಕರೆಂಟ್ ಹೊರತರುವ ನಿರೋಧಕ ಕಂಬ) ಮೇಲಿನ ಕ್ಲಾಂಪ್. ವಾರ ಮೊದಲೇ ಥರ್ಮಲ್ ಕ್ಯಾಮೆರಾ ಹಿಡಿಯಿರಿ. 60% ಲೋಡ್‌ನಲ್ಲಿ ಕ್ಲಾಂಪ್ ಗಾಳಿಗಿಂತ 20 ಡಿಗ್ರಿ ಬಿಸಿ ಕಂಡರೆ ಯಾರೂ ಬೆಚ್ಚುವುದಿಲ್ಲ. ಆದರೆ ಲೋಡ್ 120%ಗೆ ಏರಿ ಕರೆಂಟ್ ಇಮ್ಮಡಿಯಾದರೆ ಜಾಯಿಂಟ್‌ನ ಬಿಸಿ ಸುಮಾರು ನಾಲ್ಕು ಪಟ್ಟು, ಅಂದರೆ ಅದೇ ಕ್ಲಾಂಪ್ 80 ಡಿಗ್ರಿ ಮೇಲೇರುತ್ತದೆ. ಅದನ್ನು ಮೊದಲೇ ಬಿಚ್ಚಿ, ಉಜ್ಜಿ, ಟಾರ್ಕ್ ವ್ರೆಂಚ್‌ನಲ್ಲಿ ಬಿಗಿಮಾಡಿಸಿ. ಜಂಪರ್, ಐಸೊಲೇಟರ್, ಸಿಟಿ (ಕರೆಂಟ್ ಅಳೆಯುವ ಟ್ರಾನ್ಸ್‌ಫಾರ್ಮರ್), ಕೇಬಲ್, ಟ್ಯಾಪ್ ಚೇಂಜರ್ (ವೋಲ್ಟೇಜ್ ಹೊಂದಿಸುವ ಸ್ವಿಚ್) ಇವೆಲ್ಲ ಎಷ್ಟು ಕರೆಂಟ್ ತಡೆಯುತ್ತವೆಂದೂ ನೋಡಬೇಕು.

ಕನ್ಸರ್ವೇಟರ್‌ನ (ಹಿಗ್ಗಿದ ಆಯಿಲ್ ಹಿಡಿಯುವ ಮೇಲಿನ ಟ್ಯಾಂಕ್) ಆಯಿಲ್ ಮಟ್ಟವನ್ನು ಮರೆಯುವವರೇ ಹೆಚ್ಚು. 15,000 ಲೀಟರ್ ಆಯಿಲ್ 40 ಡಿಗ್ರಿ ಬಿಸಿಯಾದರೆ ಸುಮಾರು 420 ಲೀಟರ್ ಹಿಗ್ಗುತ್ತದೆ. ತಣ್ಣಗಿದ್ದಾಗಲೇ ತುಂಬಿದ್ದರೆ ಅದಕ್ಕೆ ಜಾಗವಿರುವುದಿಲ್ಲ.

ಫ್ಯಾನ್‌ಗಳನ್ನು ಲೋಡ್ ಬದಲಿಸುವ ಒಂದು ಗಂಟೆ ಮೊದಲೇ ಮ್ಯಾನ್ಯುಯಲ್‌ನಲ್ಲಿ ಓಡಿಸುತ್ತೇನೆ. ಫೇಸ್ ಅದಲುಬದಲಾದ ಫ್ಯಾನ್ ಹಿಂದಕ್ಕೆ ತಿರುಗುತ್ತದೆ, ಗಾಳಿ ಸರಿಯಾಗಿ ತಳ್ಳುವುದಿಲ್ಲ. ಒಂದೇ ರೇಡಿಯೇಟರ್ ತಣ್ಣಗಿದ್ದರೆ ಅದರ ವಾಲ್ವ್ ಮುಚ್ಚಿರಬಹುದು. ಟ್ಯಾಪ್ ಮೊದಲೇ ಹೊಂದಿಸಿಟ್ಟು, ಓವರ್‌ಲೋಡ್ ಇರುವಾಗ ಅದನ್ನು ಮುಟ್ಟಬೇಡಿ.

ಓವರ್‌ಕರೆಂಟ್ ರಿಲೇ (ಕರೆಂಟ್ ಮಿತಿ ಮೀರಿದರೆ ಟ್ರಿಪ್ ಮಾಡುವ, ಅಂದರೆ ಸರಬರಾಜು ಕಡಿಯುವ ಸಾಧನ) 110%ಗೆ ಇದ್ದರೆ, ಅಥವಾ ವೈಂಡಿಂಗ್ ಟೆಂಪರೇಚರ್ ಟ್ರಿಪ್ 110 ಡಿಗ್ರಿಗೆ ಇದ್ದರೆ, ಮೇಲಿನ ಲೆಕ್ಕವೆಲ್ಲ ವ್ಯರ್ಥ. ಪ್ರೊಟೆಕ್ಷನ್ ಇಂಜಿನಿಯರ್ ಲಿಖಿತವಾಗಿ ಒಪ್ಪಿದರಷ್ಟೇ ಸೆಟ್ಟಿಂಗ್ ಬದಲಿಸಿ. ಟ್ರಿಪ್ ಅನ್ನು ತೆಗೆದುಹಾಕುವ ಮಾತೇ ಬೇಡ.

ಲೋಡ್ ಏರಿದ ಮೇಲೆ 15 ನಿಮಿಷಕ್ಕೊಮ್ಮೆ ಓದುಗಳನ್ನು ಬರೆಸಿ. ವೈಂಡಿಂಗ್ ನಿಮಿಷಗಳಲ್ಲಿ ಬಿಸಿಯಾಗುತ್ತದೆ, ಆಯಿಲ್ ಗಂಟೆಗಟ್ಟಲೆ ತೆಗೆದುಕೊಳ್ಳುತ್ತದೆ. ಮೊದಲ ಗಂಟೆಯ ತಣ್ಣನೆಯ ಆಯಿಲ್ ಮೀಟರ್ ನೋಡಿ ಇನ್ನಷ್ಟು ಲೋಡ್ ಹಾಕಬೇಡಿ. ಓದು ಲೆಕ್ಕಕ್ಕಿಂತ 5 ಡಿಗ್ರಿ ಮೀರಿದರೆ, ಮೊದಲೇ ಬರೆದಿಟ್ಟ ಪಟ್ಟಿಯ ಮೊದಲ ಫೀಡರ್‌ನ (ಹೊರಹೋಗುವ ಲೈನ್) ಲೋಡ್ ಇಳಿಸಿ. ಕೆಲಸ ಮುಗಿದ ಮೇಲೆ ಸೆಟ್ಟಿಂಗ್‌ಗಳನ್ನು ಹಿಂದಿನಂತೆ ಮಾಡಿ, ಮೊದಲು ತೆಗೆದ ಆಯಿಲ್ ಸ್ಯಾಂಪಲ್‌ನ ಜೊತೆ ಹೊಸದರ ಎಥಿಲೀನ್, ಕಾರ್ಬನ್ ಮಾನಾಕ್ಸೈಡ್ (ಆಯಿಲ್, ಕಾಗದ ಅತಿ ಬಿಸಿಯಾದಾಗ ಹುಟ್ಟುವ ಅನಿಲಗಳು) ಹೋಲಿಸಿ ನೋಡಿ.