ಹಳೆ ವಾಲ್‌ಪೇಪರ್ ಕೀಳುವ ಮೊದಲು

ಇಂಗ್ಲೆಂಡಿನಲ್ಲಿ ಹಳೆ ಮನೆ ಕೊಂಡ ನಮ್ಮವರಿಗೆ ಮೊದಲು ಕಣ್ಣು ಕುಕ್ಕುವುದು ಗೋಡೆಯ ವಾಲ್‌ಪೇಪರ್. ಒಂದು ಕೋಣೆಯಲ್ಲಿ ದೊಡ್ಡ ದೊಡ್ಡ ಹೂವು, ಇನ್ನೊಂದರಲ್ಲಿ ಮರದ ಚೂರು ಸೇರಿಸಿದ ತರಿತರಿ ವುಡ್‌ಚಿಪ್. ಸುಮ್ನೆ ಇದರ ಮೇಲೇ ಬಣ್ಣ ಬಳಿದುಬಿಡೋಣ ಅನ್ನಿಸುತ್ತದೆ ಅಲ್ವಾ? ಬೇಡ. ಎಮಲ್ಷನ್ ಬಣ್ಣದಲ್ಲಿರುವ ನೀರಿಗೆ ಹಳೆ ಅಂಟು ನೆನೆದು ಗುಳ್ಳೆ ಏಳಬಹುದು. ಕಾಗದದ ಅಂಚುಗಳೂ ಎದ್ದು ಕಾಣುತ್ತವೆ.

ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯನ್ನು ಬರವಣಿಗೆಯಲ್ಲೇ ಪಡೆಯಿರಿ.

ಸ್ವಂತದ್ದಾದರೆ ಅದನ್ನು ಕಟ್ಟಿದ ಕಾಲ ಯಾವುದು ಅಂತ ವಿಚಾರಿಸಿ. 1970ಕ್ಕಿಂತ ಹಿಂದಿನದಾದರೆ ಕಾಗದದ ಕೆಳಗೆ ಸೀಸ ಬೆರೆತ ಬಣ್ಣ ಇರುವ ಸಾಧ್ಯತೆ ಇದೆ. ಅದನ್ನು ಒಣಗಿದ ಹಾಗೇ ಉಜ್ಜಬಾರದು, ಆ ಧೂಳು ಮಕ್ಕಳಿಗೂ ಗರ್ಭಿಣಿಯರಿಗೂ ತುಂಬಾ ಕೆಟ್ಟದ್ದು. ಪರೀಕ್ಷಿಸುವ ಕಿಟ್ ಅಂಗಡಿಯಲ್ಲಿ ಸಿಗುತ್ತದೆ. ಕಾಗದದ ಹಿಂದೆ ಆರ್ಟೆಕ್ಸ್ (ಗೋಡೆಗೆ ದಪ್ಪಗೆ ಬಳಿಯುವ ಒಂದು ಲೇಪ) ತರಹದ ಉಬ್ಬು ಚಿತ್ತಾರ ಕಂಡರೆ ಅಲ್ಲೇ ಕೈ ನಿಲ್ಲಿಸಿ. ಬ್ರಿಟನ್ನಿನಲ್ಲಿ ಆಸ್‌ಬೆಸ್ಟಾಸ್ ಪೂರ್ತಿ ನಿಷೇಧವಾದದ್ದು 1999ರಲ್ಲಿ. ಅದಕ್ಕೂ ಮುಂಚಿನ ಲೇಪದಲ್ಲಿ ಅದು ಇರಬಹುದು. ಲ್ಯಾಬ್ ವರದಿ ಬರುವ ತನಕ ಕೆರೆಯುವುದೂ ಇಲ್ಲ, ಉಜ್ಜುವುದೂ ಇಲ್ಲ.

ಇನ್ನು ಬೆರಳ ಗೆಣ್ಣಿನಿಂದ ಗೋಡೆಯನ್ನು ಅಲ್ಲಲ್ಲಿ ತಟ್ಟಿ ನೋಡಿ. ವಿಕ್ಟೋರಿಯಾ ರಾಣಿ ಕಾಲದ ಮನೆಗಳ ಒಳಗೋಡೆ ಎಷ್ಟೋ ಕಡೆ ತೆಳು ಮರದ ಪಟ್ಟಿಗಳ ಮೇಲೆ ಮೆತ್ತಿದ ಸುಣ್ಣದ ಗಾರೆ. ಟೊಳ್ಳು ಸದ್ದು ಬಂದರೆ ಗಾರೆ ಪಟ್ಟಿಯನ್ನು ಬಿಟ್ಟಿರಬಹುದು. ಎಷ್ಟೋ ಸಲ ಅದನ್ನು ಹಿಡಿದು ನಿಲ್ಲಿಸಿರುವುದೇ ಆ ಹಳೆ ಕಾಗದ! ಎಳೆದರೆ ಗಾರೆಯೂ ಹೆಂಟೆ ಹೆಂಟೆಯಾಗಿ ಉದುರುತ್ತದೆ. ಇಂಥ ಕಡೆ ಮೊದಲು ಪ್ಲಾಸ್ಟರರ್‌ಗೆ ತೋರಿಸಿ. ತೇವದ ಕಲೆ ಇದ್ದರೆ ಅದರ ಮೂಲ ಹುಡುಕದೆ ಬಣ್ಣದ ಡಬ್ಬಿ ಮುಟ್ಟಬೇಡಿ.

ಇಷ್ಟೆಲ್ಲ ನೋಡಿಕೊಂಡ ಮೇಲೆ ಮೂಲೆಯೊಂದನ್ನು ಉಗುರಿನಿಂದ ಎಬ್ಬಿಸಿ. ವಿನೈಲ್ (ಮೇಲೆ ಪ್ಲಾಸ್ಟಿಕ್ ಪದರ ಇರುವ ಕಾಗದ) ಆದರೆ ಮೇಲಿನ ಪದರ ಒಣಗಿದ್ದಾಗಲೇ ಸರ್ರನೆ ಬರುತ್ತದೆ, ಒಳಗಿನ ಕಾಗದ ಉಳಿಯುತ್ತದೆ. ಆ ಕೋಣೆಯ ವಿದ್ಯುತ್ತನ್ನು ಫ್ಯೂಸ್ ಬಾಕ್ಸ್‌ನಲ್ಲೇ ಆರಿಸಿ, ಬಿಸಿನೀರಿನ ಸ್ಪಂಜಿನಿಂದ ಕಾಗದ ನೆನೆಸಿ, ಹದಿನೈದು ನಿಮಿಷ ಬಿಡಿ. ಬರೀ ಕಾಗದವಾದರೆ ಇಷ್ಟಕ್ಕೇ ಬಿಡುತ್ತದೆ. ಬಣ್ಣ ಬಳಿದ ವುಡ್‌ಚಿಪ್ ಜಗ್ಗುವುದಿಲ್ಲ. ನೀರು ಒಳಗಿಳಿಯುವಂತೆ ಮೇಲೆ ಗೀರು ಹಾಕಿ, ಕಾಗದಕ್ಕೆ ಹಬೆ ಹಿಡಿಯುವ ಸ್ಟೀಮರ್ ಬಾಡಿಗೆಗೆ ತನ್ನಿ. ಪ್ಲಗ್ ಬೇರೆ ಕೋಣೆಯಲ್ಲಿ ಹಾಕಬೇಕು ಅಷ್ಟೆ. ಒಂದೇ ಕಡೆ ತುಂಬಾ ಹೊತ್ತು ಹಿಡಿದರೆ ಗಾರೆ ಮೆತ್ತಗಾಗುತ್ತದೆ, ಪ್ಲಾಸ್ಟರ್‌ಬೋರ್ಡ್ (ಜಿಪ್ಸಂ ಹಲಗೆ) ಆದರಂತೂ ಬೇಗ ಹಾಳಾಗುತ್ತದೆ. ಸ್ಕ್ರೇಪರನ್ನು ಚುಚ್ಚುವ ಹಾಗಲ್ಲ, ದೋಸೆ ಎಬ್ಬಿಸುವ ಮೊಗಚೆಕೈ ತರಹ ಮಲಗಿಸಿ ಹಿಡಿಯಿರಿ.

ಕಾಗದ ಹೋದರೂ ಅಂಟು ಉಳಿದಿರುತ್ತದೆ. ಒದ್ದೆ ಮಾಡಿ ಸವರಿ ನೋಡಿ, ಜಾರಿದರೆ ಇನ್ನೂ ಇದೆ. ಬಿಸಿನೀರಲ್ಲಿ ಉಜ್ಜಿ ತೊಳೆದು ಪೂರ್ತಿ ಒಣಗಲು ಬಿಡಿ. ಚಳಿಗಾಲದಲ್ಲಿ ಇದು ಜಾಸ್ತಿ ದಿನ ಹಿಡಿಯುತ್ತದೆ. ಆಮೇಲೆ ಬಿರುಕಿಗೆ ಫಿಲ್ಲರ್, ಅದು ಒಣಗಿದ ಮೇಲೆ ಉಪ್ಪುಕಾಗದ. ಬರಿ ಪ್ಲಾಸ್ಟರ್‌ಗೆ ಮೊದಲ ಕೋಟನ್ನು ನೀರು ಸೇರಿಸಿ ತೆಳ್ಳಗೆ ಹೊಡೆಯಿರಿ, ಇಲ್ಲದಿದ್ದರೆ ಬಣ್ಣ ಸಿಪ್ಪೆಯಾಗಿ ಏಳುತ್ತದೆ. ಗೋಡೆ ತೀರಾ ಏರುತಗ್ಗಾಗಿದ್ದರೆ ಬಣ್ಣದ ಅಡಿಗೆಂದೇ ಮಾಡಿದ ಸಾದಾ ಲೈನಿಂಗ್ ಪೇಪರ್ ಅಂಟಿಸಿ, ಅದು ಚೆನ್ನಾಗಿ ಒಣಗಿದ ಮೇಲೆ ಬಣ್ಣ ಹೊಡೆಯಿರಿ. ಇಡೀ ಗೋಡೆಗೆ ಹೊಸ ಪ್ಲಾಸ್ಟರ್ ಮಾಡಿಸುವುದಕ್ಕಿಂತ ಅಗ್ಗ.