ಅಕ್ಕಿ ಚೀಲದ ಹೆಸರು: ನೋಂದಣಿ ಹೇಗೆ, ಕೆಡುವುದೆಲ್ಲಿ

ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ ಕಡೆ ಹೆಸರಿಲ್ಲದ ಅಕ್ಕಿ ಚೀಲ ಮಿಲ್ ಬಿಟ್ಟು ಹೊರಬೀಳುವುದು ಕಡಿಮೆ. ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಲು ಹೊರಟವರೂ ಕಡಿಮೆಯೇನಿಲ್ಲ. ಆದರೆ ಅರ್ಜಿಯ ಒಂದು ಕಾಲಂನಲ್ಲಿ ಹೆಚ್ಚಿನವರು ಮುಗ್ಗರಿಸುತ್ತಾರೆ: ‘ಈ ಹೆಸರನ್ನು ಯಾವಾಗಿನಿಂದ ಬಳಸುತ್ತಿದ್ದೀರಿ?’ ಅದಕ್ಕೆ ಆಮೇಲೆ ಬರೋಣ.

ಮೊದಲು ಹೆಸರು. ‘ಸೋನಾ ಮಸೂರಿ’, ‘ತುಂಗಭದ್ರಾ’, ‘ಪ್ರೀಮಿಯಂ’ ಇವು ಅಕ್ಕಿಯ ತಳಿ, ಊರುಕೇರಿ, ಗುಣ ಹೇಳುವ ಪದಗಳು. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 9ನೇ ಸೆಕ್ಷನ್ ಅಡಿ ಆಕ್ಷೇಪ ಬರುವುದು ಖಂಡಿತ. ದೇವರ ಹೆಸರನ್ನಂತೂ ಇಡಲೇಬೇಡಿ. ಭಕ್ತಿ ಇದ್ದರೆ ಮಿಲ್‌ಗೆ ಇಡಿ, ಚೀಲಕ್ಕೆ ಬೇಡ. ಅದೇ ದೇವರು ಪಕ್ಕದ ಮಿಲ್‌ನ ಚೀಲದ ಮೇಲೂ ಇರುತ್ತಾನೆ. ಅಗರಬತ್ತಿಗೆ ಬಳಸಿದ ‘ರಾಮಾಯಣ’ ಎಂಬ ಪದವನ್ನು ಒಬ್ಬರೇ ತಮ್ಮದೆನ್ನಲಾಗದು ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಕ್ಕಿಗೆ ಸಂಬಂಧವೇ ಇಲ್ಲದ, ನೀವೇ ಕಟ್ಟಿದ ಪದ ಎಲ್ಲಕ್ಕಿಂತ ಗಟ್ಟಿ.

ಆ ಹೆಸರು ಆಗಲೇ ಬೇರೆಯವರದ್ದಾಗಿದೆಯೇ ಎಂದು ಹುಡುಕಿ. ಹುಡುಕಾಟ ಆನ್‌ಲೈನ್‌ನಲ್ಲಿ, ಖರ್ಚಿಲ್ಲ. ಟ್ರೇಡ್‌ಮಾರ್ಕ್‌ಗೆ ಸರಕುಗಳನ್ನು ವರ್ಗಗಳಾಗಿ ವಿಂಗಡಿಸಿದ್ದಾರೆ: ಅಕ್ಕಿ, ಅವಲಕ್ಕಿ, ಹಿಟ್ಟು 30ನೇ ವರ್ಗ, ಭತ್ತ 31. ಅಕ್ಷರ ಹೋಲಿಸಿ ಬಿಡಬೇಡಿ, ಉಚ್ಚಾರದ ಹುಡುಕಾಟವನ್ನೂ ಮಾಡಿ. ‘ಶ್ರೀ’ಯನ್ನೇ ಇಂಗ್ಲಿಷ್‌ನಲ್ಲಿ ನಾಲ್ಕು ತರ ಬರೆಯುತ್ತಾರೆ.

ಅರ್ಜಿ ನಮೂನೆ ಟಿಎಂ-ಎ. ಆನ್‌ಲೈನ್ ಶುಲ್ಕ ಒಂದು ವರ್ಗಕ್ಕೆ 9,000 ರೂಪಾಯಿ. ಒಬ್ಬರ ಹೆಸರಿನಲ್ಲಿದ್ದರೆ ಅಥವಾ ಸಣ್ಣ ಉದ್ಯಮವಾಗಿದ್ದರೆ 4,500. ಪಾಲುದಾರಿಕೆ ಸಂಸ್ಥೆಗೆ ಈ ರಿಯಾಯಿತಿ ಬೇಕಾದರೆ ಸಣ್ಣ ಉದ್ಯಮವೆಂದು ಸರ್ಕಾರ ಕೊಡುವ ಉದ್ಯಮ್ ಪ್ರಮಾಣಪತ್ರ ಲಗತ್ತಿಸಿ. ಚೀಲದ ಬಣ್ಣಬಣ್ಣದ ಚಿತ್ರಕ್ಕಿಂತ ಮೊದಲು ಬರಿ ಪದವನ್ನು ನೋಂದಾಯಿಸಿ. ಚೀಲದ ವಿನ್ಯಾಸ ಮೂರು ವರ್ಷಕ್ಕೊಮ್ಮೆ ಬದಲಾಗುತ್ತದೆ, ಪದ ಉಳಿಯುತ್ತದೆ. ಕನ್ನಡ ಲಿಪಿಯಲ್ಲಿ ಹಾಕಿದರೆ ಅದರ ಉಚ್ಚಾರ ಮತ್ತು ಅರ್ಥವನ್ನು ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿ ಬರೆದುಕೊಡಬೇಕು.

ಈಗ ಆ ಕಾಲಂ. ಡಿಟಿಪಿ ಅಂಗಡಿಯಲ್ಲಿ ಕೂತು ತುಂಬಿಸುವವರು ಕೆಲಸ ಬೇಗ ಮುಗಿಯಲೆಂದು ‘ಇನ್ನು ಮುಂದೆ ಬಳಸಲಿದ್ದೇವೆ’ ಎಂಬುದನ್ನು ಒತ್ತಿಬಿಡುತ್ತಾರೆ. ಅದಕ್ಕೆ ಪುರಾವೆ ಬೇಡ, ಅಫಿಡವಿಟ್ ಬೇಡ. ಆದರೆ ಹದಿನೈದು ವರ್ಷದಿಂದ ಮಾರುತ್ತಿರುವ ಹೆಸರಿಗೆ ಹಾಗೆ ಬರೆದರೆ, ಅಷ್ಟೂ ವರ್ಷವನ್ನು ನಿಮ್ಮ ಕೈಯಾರೆ ಅಳಿಸಿದಂತೆ. ನಾಳೆ ಬೇರೊಬ್ಬ ‘ನಾನು 2018ರಿಂದ ಮಾರುತ್ತಿದ್ದೇನೆ’ ಎಂದು ಬಂದರೆ ನಿಮ್ಮ ಅರ್ಜಿಯೇ ನಿಮ್ಮ ವಿರುದ್ಧ ಸಾಕ್ಷಿ. ಮೊದಲು ಬಳಸಿದವರ ಹಕ್ಕಿಗೆ 34ನೇ ಸೆಕ್ಷನ್ ರಕ್ಷಣೆ ಕೊಡುತ್ತದೆ, ಆದರೆ ಮೊದಲು ಬಳಸಿದ್ದನ್ನು ತೋರಿಸಬೇಕು.

ಇನ್ನು ಕೆಲವರು ಇದರ ತಿರುವುಮುರುವು: ಅಜ್ಜನ ಕಾಲದ ಇಸವಿ ಬರೆದು ಕಾಗದ ಹುಡುಕುತ್ತಾರೆ. ಹಿಂದಿನ ಬಳಕೆ ಹೇಳಿಕೊಂಡರೆ 2017ರ ಟ್ರೇಡ್ ಮಾರ್ಕ್ಸ್ ನಿಯಮಾವಳಿಯ 25ನೇ ನಿಯಮದಂತೆ ಅಫಿಡವಿಟ್, ಜತೆಗೆ ದಾಖಲೆ ಕಡ್ಡಾಯ. ಹಾಗಾಗಿ ಮೊದಲು ಕಪಾಟು ತೆಗೆಯಿರಿ, ಆಮೇಲೆ ದಿನಾಂಕ ಬರೆಯಿರಿ. ಸಿಕ್ಕ ಅತಿ ಹಳೆಯ ಗಟ್ಟಿ ಕಾಗದದ ದಿನಾಂಕವೇ ನಿಮ್ಮ ದಿನಾಂಕ.

ಯಾವುದು ಗಟ್ಟಿ? ‘ಸೋನಾ ಮಸೂರಿ 25 ಕೆ.ಜಿ., 200 ಚೀಲ’ ಎಂದಷ್ಟೇ ಇರುವ ಮಾರಾಟದ ಬಿಲ್ ಕೆಲಸಕ್ಕೆ ಬಾರದು. ಅದರಲ್ಲಿ ಬ್ರ್ಯಾಂಡ್ ಎಲ್ಲಿದೆ? ಮಿಲ್‌ಗಳಲ್ಲಿ ಬೇಕಾದ ಕಾಗದ ಸಾಮಾನ್ಯವಾಗಿ ಸಿಗುವುದು ಖರೀದಿ ಫೈಲಿನಲ್ಲಿ: ಚೀಲ ಮುದ್ರಿಸಿಕೊಟ್ಟವರ ಬಿಲ್. ಯಾವ ಹೆಸರಿನ ಚೀಲ, ಎಷ್ಟು ಸಾವಿರ ಎಂದು ಅದರಲ್ಲಿ ಬರೆದಿರುತ್ತದೆ. ಅದರ ಜತೆ ಬ್ರ್ಯಾಂಡ್ ಬರೆದ ಲಾರಿ ಬಿಲ್ಟಿ, ಪತ್ರಿಕೆಯ ಜಾಹೀರಾತು. ವರ್ಷಕ್ಕೊಂದು ಎರಡು ಸಾಕು, ನಡುವೆ ವರ್ಷ ಬಿಟ್ಟುಹೋಗದಿರಲಿ. ದರ, ಬ್ಯಾಂಕ್ ಖಾತೆ ಸಂಖ್ಯೆ ಮುಚ್ಚಿ ಸ್ಕ್ಯಾನ್ ಮಾಡಿ. ಅಪ್‌ಲೋಡ್ ಮಾಡಿದ ಕಾಗದ ಪ್ರತಿಸ್ಪರ್ಧಿಯ ಕಣ್ಣಿಗೂ ಬೀಳಬಹುದು.

ಹಳೆ ಬಿಲ್ಲನ್ನು ಕಂಪ್ಯೂಟರಿನಿಂದ ಹೊಸದಾಗಿ ಪ್ರಿಂಟ್ ತೆಗೆಯುವ ಚಾಳಿ ಬಿಡಿ. 2012ರ ಬಿಲ್ಲಿನ ತಲೆಯ ಮೇಲೆ ಜಿಎಸ್‌ಟಿ ನಂಬರ್ ಕೂತಿರುತ್ತದೆ! ಜಿಎಸ್‌ಟಿ ಬಂದಿದ್ದು 2017ರ ಜುಲೈ 1ಕ್ಕೆ. ಅದಕ್ಕೂ ಮುಂಚೆ ಇದ್ದದ್ದು ವ್ಯಾಟ್, ಟಿನ್ ನಂಬರ್. ಚೀಲದ ಫೋಟೊ ಕಥೆಯೂ ಹೀಗೆಯೇ. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಪರವಾನಗಿ ನಿಯಮ ಜಾರಿಯಾಗಿದ್ದು 2011ರಲ್ಲಿ, ಆ ಸಂಖ್ಯೆ ಇರುವ ಚೀಲವನ್ನು 2005ರದ್ದೆಂದು ತೋರಿಸಿದರೆ ಎದುರಿನ ವಕೀಲರಿಗೆ ಬೇರೇನೂ ಬೇಡ.

ಒಂದೇ ಅರ್ಜಿಯಲ್ಲಿ ಅಕ್ಕಿ, ಅವಲಕ್ಕಿ, ಹಿಟ್ಟು ಎಲ್ಲಕ್ಕೂ ಒಂದೇ ದಿನಾಂಕ ಹಾಕುವುದೂ ತಪ್ಪು. ಮಾರಿದ್ದು ಅಕ್ಕಿಯಾದರೆ ಆ ದಿನಾಂಕ ಅಕ್ಕಿಗಷ್ಟೆ. ಅಪ್ಪನ ಹೆಸರಿನ ಮಿಲ್ ಈಗ ಮಕ್ಕಳ ಪಾಲುದಾರಿಕೆ ಆಗಿದ್ದರೆ, ಹೆಸರಿನ ಹಕ್ಕು ಹೇಗೆ ಕೈಬದಲಾಯಿತು ಎಂಬ ಪತ್ರ ಬೇಕು. ಅದಿಲ್ಲದೆ ಅಪ್ಪನ ವರ್ಷಗಳು ನಿಮಗೆ ಸೇರುವುದಿಲ್ಲ.

ಇಲ್ಲೊಂದು ಹಳೆ ಗಾಯ. 2017ರಲ್ಲಿ ನೋಂದಾಯಿತ ಬ್ರ್ಯಾಂಡಿನ ಅಕ್ಕಿಗೆ 5% ಜಿಎಸ್‌ಟಿ ಬಂದಾಗ, ತೆರಿಗೆ ತಪ್ಪಿಸಲು ‘ಈ ಹೆಸರಿನ ಮೇಲಿನ ಹಕ್ಕು ಬಿಟ್ಟುಕೊಟ್ಟಿದ್ದೇವೆ’ ಎಂದು ಅಫಿಡವಿಟ್ ಕೊಟ್ಟು, ಚೀಲದ ಮೇಲೂ ಅಚ್ಚು ಹಾಕಿಸಲು ದಾರಿ ಇತ್ತು. ನಿಮ್ಮ ಮಿಲ್ ಆ ದಾರಿ ಹಿಡಿದಿದ್ದರೆ ವಕೀಲರಿಗೆ ಮೊದಲೇ ಹೇಳಿ. 2022ರ ಜುಲೈ 18ರಿಂದ ತೆರಿಗೆಗೂ ನೋಂದಣಿಗೂ ಸಂಬಂಧವಿಲ್ಲ, 25 ಕೆ.ಜಿ.ವರೆಗಿನ ಲೇಬಲ್ ಹಾಕಿದ ಪೊಟ್ಟಣವಾದರೆ ತೆರಿಗೆ. ಮಾರುಕಟ್ಟೆಗೆ 26 ಕೆ.ಜಿ. ಚೀಲ ಬಂದದ್ದು ಆಗಲೇ.

ಅರ್ಜಿ ಹೋದ ಮೇಲೆ ಕೆಡುವುದು ಇಮೇಲ್‌ನಿಂದ. ಟ್ರೇಡ್‌ಮಾರ್ಕ್ ಕಚೇರಿ ಅರ್ಜಿ ನೋಡಿ ಕಳಿಸುವ ಪರೀಕ್ಷಾ ವರದಿಯಲ್ಲಿ ಆಕ್ಷೇಪವಿದ್ದರೆ ಅದು ಕೈಸೇರಿದ ಒಂದು ತಿಂಗಳೊಳಗೆ ಉತ್ತರ ಕೊಡಬೇಕು, ಇಲ್ಲದಿದ್ದರೆ ಅರ್ಜಿ ಕೈಬಿಟ್ಟಂತೆ ಎಣಿಸಬಹುದು. ಅಂಗಡಿಯವರ ಇಮೇಲ್ ಕೊಟ್ಟವರಿಗೆ ವರದಿ ಬಂದದ್ದೇ ಗೊತ್ತಾಗುವುದಿಲ್ಲ. ನಿಮ್ಮದೇ ಇಮೇಲ್ ಕೊಡಿ. ತಿಂಗಳಿಗೊಮ್ಮೆ ಅರ್ಜಿ ಸಂಖ್ಯೆ ಹಾಕಿ ಸ್ಥಿತಿ ನೋಡಿ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಸೇರುತ್ತವೆ, ಆದರೆ ವಿಚಾರಣೆ ವಿಡಿಯೊದಲ್ಲೇ ಆಗುತ್ತದೆ, ರೈಲು ಹತ್ತಬೇಕಿಲ್ಲ.

ಒಪ್ಪಿಗೆಯಾದರೆ ಟ್ರೇಡ್‌ಮಾರ್ಕ್ ಕಚೇರಿಯ ಜರ್ನಲ್‌ನಲ್ಲಿ ಪ್ರಕಟಣೆ. ನಾಲ್ಕು ತಿಂಗಳು ಯಾರಾದರೂ ವಿರೋಧಿಸಬಹುದು. ವಿರೋಧದ ಪ್ರತಿ ನಿಮಗೆ ತಲುಪಿದರೆ ಎರಡು ತಿಂಗಳಲ್ಲಿ ಪ್ರತಿಹೇಳಿಕೆ ಕೊಡಲೇಬೇಕು, ಈ ಗಡುವು ತಪ್ಪಿದರೆ ಅರ್ಜಿ ಹೋಯಿತು. ನೋಂದಣಿ ಹತ್ತು ವರ್ಷಕ್ಕೆ, ನವೀಕರಣಕ್ಕೆ 9,000. ನೋಂದಣಿ ಆಗುವವರೆಗೆ ಚೀಲದ ಮೇಲೆ ‘ಟಿಎಂ’ ಹಾಕಿ. ಅದಕ್ಕೆ ಮೊದಲೇ ವೃತ್ತದೊಳಗಿನ ‘ಆರ್’ ಹಾಕುವುದು ಅಪರಾಧ.

ನಕಲಿ ಚೀಲ ಬೆಂಗಳೂರಿನಲ್ಲಿ ಸಿಕ್ಕರೂ ನೋಂದಣಿ ಇದ್ದವರು 134ನೇ ಸೆಕ್ಷನ್ ಅಡಿ ತಮ್ಮ ಜಿಲ್ಲೆಯಲ್ಲೇ ದಾವೆ ಹೂಡಬಹುದು. ನೋಂದಣಿ ಇಲ್ಲದವರಿಗೆ ‘ಪಾಸಿಂಗ್ ಆಫ್’ (ತನ್ನ ಸರಕನ್ನು ನಿಮ್ಮದೆಂಬಂತೆ ಮಾರುವವನ ವಿರುದ್ಧದ) ದಾವೆ ಇದೆ, ಆದರೆ ಈ ಅನುಕೂಲ ಇಲ್ಲ.

ಚೀಲದ ಚಿತ್ರ ಬರೆದ ಡಿಸೈನರ್‌ಗೆ ದುಡ್ಡು ಕೊಟ್ಟ ಮಾತ್ರಕ್ಕೆ ಅದರ ಕಾಪಿರೈಟ್ ನಿಮ್ಮದಾಗಿಬಿಡುತ್ತದೆ ಎಂದುಕೊಳ್ಳಬೇಡಿ. ಬರವಣಿಗೆಯಲ್ಲಿ ಹಸ್ತಾಂತರ ಮಾಡಿಸಿಕೊಳ್ಳಿ. ಅವಧಿ ಬರೆಯದಿದ್ದರೆ ಐದೇ ವರ್ಷ ಎಂದು ಕಾನೂನು ಲೆಕ್ಕ ಹಾಕುತ್ತದೆ. ವೆಬ್‌ಸೈಟ್ ವಿಳಾಸವನ್ನೂ ನಿಮ್ಮ ಹೆಸರಿನಲ್ಲೇ ಕೊಳ್ಳಿ, ವೆಬ್‌ಸೈಟ್ ಮಾಡಿಕೊಟ್ಟ ಹುಡುಗನ ಹೆಸರಿನಲ್ಲಲ್ಲ. ‘ಡಾಟ್ ಇನ್’ ವಿಳಾಸವನ್ನು ಬೇರೆಯವರು ಹಿಡಿದಿಟ್ಟರೆ ಆ ವಿಳಾಸಗಳನ್ನು ನೋಡಿಕೊಳ್ಳುವ ನಿಕ್ಸಿ ಸಂಸ್ಥೆಯ ಐಎನ್‌ಡಿಆರ್‌ಪಿ ಎಂಬ ವಿವಾದ ಪರಿಹಾರ ವ್ಯವಸ್ಥೆಯಲ್ಲಿ ಮಧ್ಯಸ್ಥಗಾರರ ಮುಂದೆ ಹೋಗಬಹುದು. ಅಲ್ಲಿಯೂ ಹೆಸರಿನ ಹಕ್ಕು ನಿಮ್ಮದೆಂದು ತೋರಿಸಲು ಮೊದಲು ಬೇಕಾಗುವುದು ಅದೇ ಚೀಲದ ಬಿಲ್ಲುಗಳ ಫೈಲು.